ಹತ್ತಿರದ ಸಮುದ್ರ ಬಿಟ್ಟು ದೂರ ಹೋದ ಹೊಳೆ: ಕೃಷ್ಣಾ ಕೊಳ್ಳ ಹುಟ್ಟಿದ ಕಥೆ



ಹಿಂದಿನ ವರ್ಷ ಒಂಬತ್ತನೇ ತರಗತಿಗೆ ನದಿಗಳ ಪಾಠ ಮಾಡುತ್ತಿದ್ದೆ. ನಮ್ಮ ಶಾಲೆ ಇರುವುದು ಅಕ್ಕಲಕೋಟ ತಾಲೂಕಿನಲ್ಲಿ. ಗೋಡೆಗೆ ನಕ್ಷೆ ತೂಗುಹಾಕಿ, "ಕೃಷ್ಣಾ ನದಿ ಮಹಾಬಳೇಶ್ವರದಲ್ಲಿ ಹುಟ್ಟಿ ಬಂಗಾಳ ಕೊಲ್ಲಿಗೆ ಸೇರುತ್ತದೆ" ಎಂದು ಕೋಲಿನಿಂದ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ಅದು ಹುಟ್ಟಿದ ಜಾಗದಿಂದ ಅರಬ್ಬಿ ಸಮುದ್ರ ಬರೇ 64 ಕಿಲೋಮೀಟರ್ ಅದ ಅಂತ ಪುಸ್ತಕದಾಗ ಬರದಾರ. ಹಂತೇಲಿದ್ದ ಸಮುದ್ರ ಬಿಟ್ಟು 1400 ಕಿಲೋಮೀಟರ್ ಯಾಕ ಹೋಗ್ತದ?"

"ಪೂರ್ವಕ್ಕ ಇಳಿಜಾರು ಅದ, ಅದಕ್ಕ" ಅಂದೆ.

"ಆ ಇಳಿಜಾರು ಎಲ್ಲಿಂದ ಬಂತು ಸರ?"

ಈ ಎರಡನೇ ಪ್ರಶ್ನೆಗೆ ನಾನು ಆ ದಿನ ಸರಿಯಾದ ಉತ್ತರ ಕೊಡಲಿಲ್ಲ. ಗಂಟೆ ಹೊಡೆಯಿತು, ಪಾಠ ಮುಗಿಯಿತು. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಈ ಲೇಖನ ಅವಳಿಗೆ ಕೊಡಬೇಕಾಗಿದ್ದ ಉತ್ತರ. ನಿಮ್ಮೆಲ್ಲರಿಗೂ ಸೇರಿದ್ದು.

ಕೊಳ್ಳ ಅಂದರೆ ಏನು?

ಹೊಳೆ ಅಂದರೆ ನೀರು ಹರಿಯುವ ಒಂದು ಗೆರೆ. ಕೊಳ್ಳ ಅಂದರೆ ಆ ಗೆರೆಗೆ ನೀರು ಕೊಡುವ ನೆಲ ಪೂರ್ತಿ. ಪಾಠಪುಸ್ತಕ ಇದನ್ನು ಜಲಾನಯನ ಪ್ರದೇಶ ಅನ್ನುತ್ತದೆ.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆ ನೆನಪಿಸಿಕೊಳ್ಳಿ. ಮೇಲ್ಮುದ್ದೆ ನೋಡಲು ಸಪಾಟಾಗಿಯೇ ಕಾಣುತ್ತದೆ. ಆದರೆ ಕಟ್ಟುವವರು ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಮುಂದಿನ ಗೋಡೆಯ ಹತ್ತಿರ ಬಿದ್ದ ಮಳೆಹನಿ, ಬೀದಿ ಒಂದು ಗೇಣು ದೂರದಲ್ಲಿದ್ದರೂ ಆ ಕಡೆ ಹೋಗುವುದಿಲ್ಲ. ಮಾಳಿಗೆ ಪೂರ್ತಿ ದಾಟಿ ಹಿತ್ತಲ ಕಡೆಯ ಕಿಂಡಿಯಿಂದಲೇ ಕೆಳಗೆ ಬೀಳುತ್ತದೆ.

ದಖ್ಖನ್ ಪ್ರಸ್ಥಭೂಮಿ ಇಂಥದೇ ಒಂದು ದೊಡ್ಡ ಮಾಳಿಗೆ. ಪಶ್ಚಿಮ ಘಟ್ಟ ಅದರ ಮುಂದಿನ ಗೋಡೆ, ಪೂರ್ವ ಕರಾವಳಿ ಹಿತ್ತಲು. ಕೃಷ್ಣಾ ಹುಟ್ಟುವುದು ಸಮುದ್ರಮಟ್ಟದಿಂದ ಸುಮಾರು 1,337 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಮುದ್ರದವರೆಗೆ ಸರಾಸರಿ ತೆಗೆದರೆ ಕಿಲೋಮೀಟರಿಗೆ ಒಂದು ಮೀಟರೂ ಇಳಿಯುವುದಿಲ್ಲ. ಅಷ್ಟು ಸಣ್ಣ ಇಳಿಜಾರು. ಆದರೂ ಅದು ಸುಮಾರು 2,59,000 ಚದರ ಕಿಲೋಮೀಟರ್ ನೆಲದ ನೀರನ್ನು ಒಂದೇ ಕಡೆ ಕರೆದೊಯ್ಯುತ್ತದೆ. ಇದು ಭಾರತದ ನೆಲದಲ್ಲಿ ನೂರಕ್ಕೆ ಎಂಟು ಪಾಲು.

ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹಳ ಮಂದಿ ಇದೇ ಕೊಳ್ಳದೊಳಗೆ ಇದ್ದೀರಿ. ಅಕ್ಕಲಕೋಟದ ಬೋರಿ ನದಿ, ಸೊಲ್ಲಾಪುರ ಕಡೆಯ ಸೀನಾ ನದಿ ಭೀಮೆಗೆ ಸೇರುತ್ತವೆ. ಭೀಮೆ ಕೃಷ್ಣೆಗೆ ಸೇರುತ್ತದೆ. ಜತ್ತ ತಾಲೂಕಿನಲ್ಲಿ ಹುಟ್ಟುವ ಡೋಣಿ ಹೊಳೆ ವಿಜಯಪುರ ಜಿಲ್ಲೆ ದಾಟಿ ಕೃಷ್ಣೆಗೇ ಹೋಗುತ್ತದೆ. ರಾಯದುರ್ಗದ ವೇದಾವತಿ ಮುಂದೆ ಹಗರಿ ಅನ್ನಿಸಿಕೊಂಡು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ನಕ್ಷೆಯಲ್ಲಿ ನಮ್ಮ ನಡುವೆ ರಾಜ್ಯದ ಗಡಿಗೆರೆಗಳಿವೆ. ನೀರಿಗೆ ಗೊತ್ತಿರುವುದು ಇಳಿಜಾರು ಮಾತ್ರ.

ಕಾಲದ ಹಗ್ಗ

ಮುಂದೆ ಹೋಗುವ ಮೊದಲು ಒಂದು ಅಳತೆ ಬೇಕು. ಒಂದು ಉದ್ದನೆಯ ಹಗ್ಗ ತನ್ನಿ. ಒಂದು ಸೆಂಟಿಮೀಟರ್ ಅಂದರೆ ಒಂದು ಲಕ್ಷ ವರ್ಷ ಅಂತ ಇಟ್ಟುಕೊಳ್ಳೋಣ. ಒಂದು ಮೀಟರ್ ಅಂದರೆ ಒಂದು ಕೋಟಿ ವರ್ಷ. ಕರಿಹಲಗೆಯ ಹತ್ತಿರ ಹಗ್ಗದ ತುದಿ ಹಿಡಿದವರು "ಇವತ್ತು".

ನಮ್ಮಂಥ ಮನುಷ್ಯರು ಭೂಮಿಗೆ ಬಂದು ಸುಮಾರು 3 ಲಕ್ಷ ವರ್ಷ. ಹಗ್ಗದ ಮೇಲೆ 3 ಸೆಂಟಿಮೀಟರ್. ದಖ್ಖನ್ನಿನ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಅದಕ್ಕೆ 6.6 ಮೀಟರ್, ಅಂದರೆ ತರಗತಿಯ ಹಿಂದಿನ ಗೋಡೆಯ ಹತ್ತಿರ. ಭಾರತದ ಪೂರ್ವ ಕರಾವಳಿ ಹುಟ್ಟಿದ್ದು ಸುಮಾರು 13 ಮೀಟರಿನಲ್ಲಿ, ಪಡಸಾಲೆಯ ಆಚೆ. ಹಂಪಿಯ ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅದನ್ನು ತೋರಿಸಲು ಹಗ್ಗ ಹಿಡಿದು 250 ಮೀಟರ್ ನಡೆಯಬೇಕು. ಶಾಲೆಯ ಗೇಟು ದಾಟಿ ಊರೊಳಗೆ ಹೋಗಬೇಕಾದೀತು!

ಈ ಅಳತೆ ತಲೆಯಲ್ಲಿರಲಿ. ಕೊನೆಗೆ ಮತ್ತೆ ಬೇಕಾಗುತ್ತದೆ.

ಹಿತ್ತಲು ತೆರೆದದ್ದು

ಒಂದು ಕಾಲಕ್ಕೆ ಭಾರತ, ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಎಲ್ಲ ಸೇರಿ ಗೊಂಡ್ವಾನಾ ಎಂಬ ಒಂದೇ ಮಹಾಖಂಡವಾಗಿದ್ದವು. ಸುಮಾರು 13 ಕೋಟಿ ವರ್ಷದ ಹಿಂದೆ ನಮ್ಮ ಪೂರ್ವದ ಬದಿ ಅಂಟಾರ್ಕ್ಟಿಕಾದಿಂದ ಬೇರ್ಪಟ್ಟಿತು. ನಡುವೆ ಸಮುದ್ರ ಬಂತು. ಅದೇ ಬಂಗಾಳ ಕೊಲ್ಲಿಯ ಮೊದಲ ರೂಪ. ಒಡೆದ ಅಂಚು ಕೆಳಗೆ ಕುಸಿಯಿತು. ಕುಸಿದ ಕಡೆಗೆ ನೀರು ಹರಿಯತೊಡಗಿತು. ಮಾಳಿಗೆಗೆ ಹಿತ್ತಲ ಕಿಂಡಿ ತೆರೆದದ್ದು ಹೀಗೆ.

ಇದಕ್ಕೆ ಸಾಕ್ಷಿ ಏನು? ಕೃಷ್ಣಾ ಮತ್ತು ಗೋದಾವರಿ ಸಮುದ್ರ ಸೇರುವ ಜಾಗದ ಕೆಳಗೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮರಳು, ಜೇಡಿಯ ಪದರಗಳಿವೆ. ಪೇಪರಿನಲ್ಲಿ ಕೆಜಿ ಬೇಸಿನ್ ಅಂತ ಓದಿರುತ್ತೀರಿ, ನೈಸರ್ಗಿಕ ಅನಿಲ ತೆಗೆಯುವ ಜಾಗ. ಅನಿಲ ಹುಡುಕಲು ಕೊರೆದಾಗ ಕೆಳಗಿನ ಪದರಗಳು ದಖ್ಖನ್ನಿನ ಲಾವಾಗಿಂತಲೂ ಹಳೆಯವು ಎಂದು ತಿಳಿಯಿತು. ಅಂದರೆ ಲಾವಾ ಬರುವ ಮೊದಲೇ ಒಳನಾಡಿನ ಮಣ್ಣನ್ನು ಹೊಳೆಗಳು ಅಲ್ಲಿಗೆ ಹೊತ್ತು ಹಾಕುತ್ತಿದ್ದವು.

ಮುಂದಿನ ಗೋಡೆ ಎದ್ದದ್ದು

ಪಶ್ಚಿಮದ ಬದಿಯೂ ಒಡೆಯಿತು, ಆದರೆ ತಡವಾಗಿ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ದೂರವಾಯಿತು. ಲಾವಾ ಉಕ್ಕಿದ ಮೇಲೆ ಸೇಶೆಲ್ಸ್ ದ್ವೀಪಗಳ ನೆಲವೂ ಬೇರೆಯಾಯಿತು. ಖಂಡ ಒಡೆಯುವಾಗ ಅದರ ಅಂಚು ಕೆಲವು ಕಡೆ ಕುಸಿಯುತ್ತದೆ, ಕೆಲವು ಕಡೆ ಉಬ್ಬಿ ನಿಲ್ಲುತ್ತದೆ. ಭೂಮಿಯ ಒಳಗಿಂದ ಬಿಸಿ ಶಿಲಾದ್ರವ್ಯ ಮೇಲೆ ಬಂದಾಗಲೂ ನೆಲ ರೊಟ್ಟಿಯ ಹಾಗೆ ಉಬ್ಬುತ್ತದೆ. ನಮ್ಮ ಪಶ್ಚಿಮ ಅಂಚು ಎತ್ತರವಾಗಲು ಈ ಎರಡೂ ಕಾರಣ ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಹಿಂದೆ ತಗ್ಗು, ಮುಂದೆ ಎತ್ತರ. ಇಳಿಜಾರು ತಯಾರಾಯಿತು.

ಲಾವಾ ಬಂತು

6.6 ಕೋಟಿ ವರ್ಷದ ಹಿಂದೆ ನೆಲ ಬಿರುಕು ಬಿಟ್ಟು ಲಾವಾ ಹೊರಗೆ ಬಂತು. ಚಿತ್ರದಲ್ಲಿ ನೋಡುವ ಹಾಗೆ ಚೂಪಾದ ಬೆಟ್ಟದ ಬಾಯಿಂದ ಅಲ್ಲ, ಉದ್ದುದ್ದ ಬಿರುಕುಗಳಿಂದ. ಒಂದು ಹರಿವು ಆರಿ ಕಲ್ಲಾಗುತ್ತಿತ್ತು. ಅದರ ಮೇಲೆ ಇನ್ನೊಂದು, ಮತ್ತೊಂದು. ಪಶ್ಚಿಮ ಘಟ್ಟದ ಕಡೆ ಈ ಕಲ್ಲಿನ ಅಟ್ಟಿ ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪ. ಪೂರ್ವಕ್ಕೆ ಬರಬರುತ್ತ ತೆಳ್ಳಗಾಗುತ್ತದೆ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಅದು ಉಳಿದಿದೆ.

ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಬಾವಿ ತೋಡಿದಾಗ ಸಿಗುವ ಕರಿಕಲ್ಲು ಇದೇ. ಇದರ ಹೆಸರು ಬಸಾಲ್ಟ್. ಅದು ಸವೆದು ಆದ ಮಣ್ಣೇ ನಮ್ಮ ಎರೆಮಣ್ಣು. ಜೋಳ, ಕಡಲೆ, ಹತ್ತಿ ಬೆಳೆಯುವ ಹೊಲ. ಅಪ್ಪನ ಜೊತೆ ಹೊಲಕ್ಕೆ ಹೋದಾಗ ಕಾಲಿಗೆ ಮೆತ್ತುವ ಕರಿ ಮಣ್ಣು 6.6 ಕೋಟಿ ವರ್ಷದ ಹಿಂದಿನ ಬೆಂಕಿಯ ಹುಡಿ!

ಇನ್ನೊಂದು ದೊಡ್ಡ ಸಾಕ್ಷಿ ಸಿಗುವುದು ಇಲ್ಲೇ. ಆಂಧ್ರದ ರಾಜಮಹೇಂದ್ರವರಂ ಹತ್ತಿರ, ಪೂರ್ವ ಕರಾವಳಿಯಲ್ಲಿ, ಸ್ವಲ್ಪ ಬಸಾಲ್ಟ್ ಕಲ್ಲಿದೆ. ಸುತ್ತಮುತ್ತ ಎಲ್ಲೂ ಇಲ್ಲದ ಲಾವಾ ಅಲ್ಲಿಗೆ ಹೇಗೆ ಬಂತು? ಕಲ್ಲನ್ನು ಪರೀಕ್ಷಿಸಿದಾಗ ಅದರ ರಾಸಾಯನಿಕ ಗುಣ ಮಹಾಬಳೇಶ್ವರ ಭಾಗದ ಲಾವಾ ಪದರಗಳಿಗೆ ಹೊಂದಿಕೆಯಾಯಿತು. ಆ ಲಾವಾ ಸುಮಾರು 1000 ಕಿಲೋಮೀಟರ್ ಹರಿದು ಬಂದದ್ದು, ಅಷ್ಟು ಹೊತ್ತಿಗೇ ಅಲ್ಲಿದ್ದ ಹೊಳೆಗಳ ಪಾತ್ರ ಹಿಡಿದೇ ಬಂದದ್ದು ಎಂದು ವಿಜ್ಞಾನಿಗಳು ಹೇಳುತ್ತಾರೆ.

ಲಾವಾ ಕೂಡ ನೀರಿನ ಹಾಗೆ ಇಳಿಜಾರು ಹಿಡಿದೇ ಹರಿಯುತ್ತದೆ. ಹಾಗಾದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಪೂರ್ವದ ಇಳಿಜಾರನ್ನು ಕೃಷ್ಣೆ ಮಾಡಲಿಲ್ಲ. ಲಾವಾ ಒಂದೇ ಮಾಡಿದ್ದೂ ಅಲ್ಲ. ಲಾವಾ ಬರುವ ಮೊದಲೇ ಇಳಿಜಾರು ಇತ್ತು. ಲಾವಾ ಹಳೆಯ ಹೊಳೆಗಳನ್ನು ಹೂತುಹಾಕಿತು. ಅದು ಆರಿದ ಮೇಲೆ ಮಳೆನೀರು ಅದರ ಬೆನ್ನ ಮೇಲೆ ಹೊಸ ದಾರಿ ಹುಡುಕಿತು, ಮತ್ತೆ ಪೂರ್ವಕ್ಕೇ.

ಹತ್ತಿರದ ಸಮುದ್ರಕ್ಕೆ ಹೋದ ತಂಗಿ

ಮಹಾಬಳೇಶ್ವರದಲ್ಲಿ ಕೃಷ್ಣೆ ಒಬ್ಬಳೇ ಹುಟ್ಟುವುದಿಲ್ಲ. ಕೊಯ್ನಾ, ವೆಣ್ಣಾ ಅಲ್ಲೇ ಹುಟ್ಟಿ ಕೃಷ್ಣೆಯನ್ನು ಸೇರುತ್ತವೆ. ಆದರೆ ಅಲ್ಲೇ ಹುಟ್ಟುವ ಸಾವಿತ್ರಿ ನದಿ ಘಟ್ಟದಿಂದ ಪಶ್ಚಿಮಕ್ಕೆ ಧುಮುಕಿ ಕೊಂಕಣ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಟ್ಟದ ಬೆನ್ನು ಒಂದೇ, ಮುಖ ಮಾತ್ರ ಆಚೆ ಈಚೆ. ಈ ಬೆನ್ನಿಗೆ ಜಲವಿಭಾಜಕ ಅನ್ನುತ್ತಾರೆ.

ದಕ್ಷಿಣಕ್ಕೂ ಇದೇ ಆಟ. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಬಂದು ಕೃಷ್ಣೆಗೆ ಸೇರುತ್ತದೆ. ಅದೇ ತಾಲೂಕಿನ ಮಹದಾಯಿ ಗೋವೆಗೆ ಇಳಿದು ಮಾಂಡವಿ ಆಗುತ್ತದೆ. ಕಾಸರಗೋಡಿನ ಮಕ್ಕಳು ನೋಡುವ ಚಂದ್ರಗಿರಿ ಹೊಳೆ ಕೊಡಗಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹೋಗುತ್ತದೆ. ವಯನಾಡಿನ ಕಬಿನಿ ಕೇರಳದಲ್ಲೇ ಹುಟ್ಟಿದರೂ ಪೂರ್ವಕ್ಕೆ ತಿರುಗಿ ಕಾವೇರಿಗೆ ಸೇರುತ್ತದೆ.

ಪಶ್ಚಿಮದ ಹೊಳೆಗಳು ಗಿಡ್ಡ, ಆದರೆ ಬಲು ಕಡಿದು. ಸಾವಿರ ಮೀಟರ್ ಎತ್ತರವನ್ನು ಕೆಲವೇ ಕಿಲೋಮೀಟರಿನಲ್ಲಿ ಇಳಿಯುತ್ತವೆ. ಆದ್ದರಿಂದ ಅವು ಘಟ್ಟದ ಗೋಡೆಯನ್ನು ಬುಡದಿಂದ ಕೊರೆಯುತ್ತ ಕೊರೆಯುತ್ತ ನಿಧಾನವಾಗಿ ಪೂರ್ವಕ್ಕೆ ಸರಿಸುತ್ತಿವೆ. ಒಂದು ಕಾಲಕ್ಕೆ ಈ ಗೋಡೆ ಇನ್ನೂ ಪಶ್ಚಿಮದಲ್ಲಿ ಇತ್ತು ಎಂದು ಬಹುತೇಕ ಭೂವಿಜ್ಞಾನಿಗಳ ಅಭಿಪ್ರಾಯ. ಕೊಳ್ಳದ ಗಡಿ ಕೂಡ ಶಾಶ್ವತ ಅಲ್ಲ, ಅದೂ ನಡೆಯುತ್ತದೆ.

ಹೊಳೆ ಎಂಬ ಗರಗಸ

ಈಗ ನಕ್ಷೆಯ ಮೇಲೆ ಕೃಷ್ಣೆಯ ಜೊತೆ ಕೆಳಗೆ ಹೋಗೋಣ. ಮೊದಲು ಬಸಾಲ್ಟ್ ನೆಲ. ಲಾವಾ ತೆಳ್ಳಗಾಗಿ ಸವೆದು ಹೋದ ಕಡೆ ಅದರ ಕೆಳಗಿನ ಹಳೆಯ ಕಲ್ಲುಗಳು ಮೇಲೆ ಕಾಣುತ್ತವೆ. ಗೋಕಾಕ, ಬಾದಾಮಿ ಕಡೆ ಮರಳುಗಲ್ಲು. ಕಾಗಿಣಾ ದಂಡೆಯ ಶಹಾಬಾದದಲ್ಲಿ ಸುಣ್ಣದ ಕಲ್ಲು, ನಮ್ಮ ಮನೆಗಳಿಗೆ ಹಾಸುವ ಫರಸಿ. ಇದು ಲಾವಾಗಿಂತ ಬಹಳ ಮೊದಲು ಅಲ್ಲಿ ಸಮುದ್ರ ಇದ್ದಾಗ ಆದದ್ದು. ರಾಯಚೂರು, ಆದವಾನಿ, ರಾಯದುರ್ಗದಲ್ಲಿ ಗ್ರಾನೈಟ್ ಗುಡ್ಡಗಳು, ಗುಂಡು ಬಂಡೆಗಳು. ಇವು ಎಲ್ಲಕ್ಕಿಂತ ಹಳೆಯವು. ರಾಯದುರ್ಗದ ಮಸಾರಿ ಮಣ್ಣು ಕೆಂಪಗಿದೆ, ಅಕ್ಕಲಕೋಟದ ಎರೆ ಕರ್ರಗಿದೆ. ಒಂದೇ ಕೊಳ್ಳದ ಮಕ್ಕಳು, ತಾಯಿಬಂಡೆ ಬೇರೆ ಬೇರೆ.

ಗಟ್ಟಿ ಕಲ್ಲು ಅಡ್ಡ ಬಂದ ಕಡೆ ಹೊಳೆ ಏನು ಮಾಡುತ್ತದೆ? ಗೋಕಾಕದಲ್ಲಿ ಘಟಪ್ರಭೆ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಹಾರುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಶ್ರೀಶೈಲದಲ್ಲಿ ಕೃಷ್ಣೆ ನಲ್ಲಮಲ ಬೆಟ್ಟಸಾಲಿನೊಳಗೆ ಆಳವಾದ ಕಂದರ ಕೊರೆದಿದೆ.

"ಗುಡ್ಡ ಸುತ್ತಿ ಹೋಗಬಹುದಿತ್ತಲ್ಲ ಸರ, ನಟ್ಟನಡುವ ಯಾಕ ಕೊರೀತು?" ಒಳ್ಳೇ ಪ್ರಶ್ನೆ. ಹೊಳೆ ಗುಡ್ಡ ಹತ್ತಿ ಕೊರೆದದ್ದಲ್ಲ. ಹೊಳೆ ಅಲ್ಲಿ ಹರಿಯಲು ಶುರುಮಾಡಿದಾಗ ನೆಲದ ಮಟ್ಟ ಮೇಲೆ ಇತ್ತು. ಗಟ್ಟಿ ಕಲ್ಲು ಒಳಗೆ ಅಡಗಿತ್ತು. ಹೊಳೆ ತನ್ನ ದಾರಿಯಲ್ಲೇ ಕೆಳಗೆ ಕೆಳಗೆ ಕೊಯ್ಯುತ್ತ ಬಂತು, ಗರಗಸದ ಹಾಗೆ. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಹೋಯಿತು. ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು. ಅಷ್ಟು ಹೊತ್ತಿಗೆ ಹೊಳೆ ತನ್ನ ಸೀಳಿನೊಳಗೆ ಸಿಕ್ಕಿಕೊಂಡಿತ್ತು. ಗುಡ್ಡದ ನಡುವೆ ಹೊಳೆ ಹರಿದರೆ ಹೊಳೆಯ ದಾರಿ ಗುಡ್ಡಕ್ಕಿಂತ ಹಳೆಯದು ಎಂದು ಅನುಮಾನಿಸಬಹುದು.

ಕೊರೆದ ಮಣ್ಣು ಎಲ್ಲಿ ಹೋಯಿತು? ವಿಜಯವಾಡದ ಕೆಳಗೆ ಇಳಿಜಾರು ಮುಗಿಯುತ್ತದೆ. ನೀರಿನ ಓಟ ತಗ್ಗುತ್ತದೆ, ಹೊತ್ತ ಮಣ್ಣು ಕೆಳಗೆ ಬೀಳುತ್ತದೆ. ಹೀಗೆ ಆದದ್ದೇ ಕೃಷ್ಣಾ ನದಿಮುಖಜ ಭೂಮಿ. ಇವತ್ತು ಕಾಣುವ ಅದರ ಮೇಲ್ಭಾಗ ಬಹಳ ಹೊಸದು. ಸಮುದ್ರದ ಮಟ್ಟ ಏರುವುದು ನಿಂತ ಮೇಲೆ, ಈ ಕೆಲವೇ ಸಾವಿರ ವರ್ಷಗಳಲ್ಲಿ ಕಟ್ಟಿಕೊಂಡದ್ದು. ಅಲ್ಲಿನ ಭತ್ತದ ಗದ್ದೆಯಲ್ಲಿ ನಮ್ಮ ಬೋರಿ ದಂಡೆಯ ಎರೆಯ ಕಣವೂ ಇದೆ, ರಾಯದುರ್ಗದ ಮಸಾರಿಯ ಕಣವೂ ಇದೆ.

ಒಂದು ಲೆಕ್ಕ ಮಾಡೋಣ

ಕೊಳ್ಳ ಸವೆಯುವ ವೇಗ ಎಷ್ಟು? ತುಂಗಭದ್ರಾ ಜಲಾಶಯ ನಮಗೆ ಒಂದು ಅಳತೆಪಾತ್ರೆ. 1953ರಲ್ಲಿ ನೀರು ತುಂಬಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಸುಮಾರು 63 ವರ್ಷಗಳ ನಂತರದ ಅಳತೆಯಲ್ಲಿ 106 ಟಿಎಂಸಿಯ ಹತ್ತಿರ. ಉಳಿದ 27 ಟಿಎಂಸಿ ಜಾಗವನ್ನು ಹೂಳು ತುಂಬಿತು.

ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. 27ರಿಂದ ಗುಣಿಸಿದರೆ ಸುಮಾರು 76 ಕೋಟಿ ಘನ ಮೀಟರ್ ಹೂಳು. ಈ ಅಣೆಕಟ್ಟಿಗೆ ನೀರು ಕೊಡುವ ನೆಲ ಸುಮಾರು 28,000 ಚದರ ಕಿಲೋಮೀಟರ್, ಅಂದರೆ 2,800 ಕೋಟಿ ಚದರ ಮೀಟರ್. 76ನ್ನು 2,800ರಿಂದ ಭಾಗಿಸಿ. 0.027 ಮೀಟರ್, ಅಂದರೆ 2.7 ಸೆಂಟಿಮೀಟರ್. ಅಷ್ಟೂ ನೆಲದ ಮೇಲಿಂದ ಸುಮಾರು ಒಂದು ಅಂಗುಲ ಮಣ್ಣು ಎತ್ತಿ ಕೆರೆಗೆ ಹಾಕಿದ ಹಾಗೆ!

ಒಂದು ಅಂಗುಲ ತಾನೇ, ಅಂತ ಅನ್ನಬೇಡಿ. ಹೂಳು ಸಡಿಲ. ಅದನ್ನು ಗಟ್ಟಿ ಕಲ್ಲಿಗೆ ಲೆಕ್ಕ ಹಾಕಿದರೆ ಅರ್ಧ, ಸುಮಾರು 1.35 ಸೆಂಟಿಮೀಟರ್ ಅನ್ನೋಣ. 63 ವರ್ಷಕ್ಕೆ ಇಷ್ಟಾದರೆ 10 ಲಕ್ಷ ವರ್ಷಕ್ಕೆ 200 ಮೀಟರಿಗೂ ಹೆಚ್ಚು. ಒಂದು ಕೋಟಿ ವರ್ಷಕ್ಕೆ ಎರಡು ಕಿಲೋಮೀಟರ್. ಆದರೆ ತುಂಗೆ, ಭದ್ರೆ ಹುಟ್ಟುವ ಬೆಟ್ಟದಿಂದ ಈ ಜಲಾಶಯದ ಮಟ್ಟಕ್ಕೆ ಇರುವ ಇಳಿತವೇ ಒಂದು ಕಿಲೋಮೀಟರ್ ಇಲ್ಲ. ಸವೆದಷ್ಟೂ ನೆಲದ ಭಾರ ಕಡಿಮೆಯಾಗಿ ಅದು ಸ್ವಲ್ಪ ಮೇಲೆ ಏಳುತ್ತದೆ ನಿಜ. ಆದರೂ ಈ ವೇಗ ಕೋಟಿಗಟ್ಟಲೆ ವರ್ಷ ನಡೆದಿದ್ದರೆ ನಮ್ಮ ಪ್ರಸ್ಥಭೂಮಿ ಹೀಗೆ ಉಳಿಯುತ್ತಿರಲಿಲ್ಲ.

ಹಾಗಾದರೆ ಹಳೆಯ ವೇಗ ಎಷ್ಟು? ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಕಲ್ಲಿನ ಮೇಲ್ಪದರದಲ್ಲಿ ಬೆರಿಲಿಯಂ-10 ಎಂಬ ಪರಮಾಣುಗಳನ್ನು ಉಂಟುಮಾಡುತ್ತವೆ. ಕಲ್ಲು ನಿಧಾನವಾಗಿ ಸವೆದರೆ ಅವು ಹೆಚ್ಚು ಕೂಡಿಕೊಳ್ಳುತ್ತವೆ, ಬೇಗ ಸವೆದರೆ ಕಡಿಮೆ. ಹೊಳೆಯ ಮರಳಿನಲ್ಲಿ ಅವನ್ನು ಅಳೆದವರಿಗೆ ಸಿಕ್ಕ ಉತ್ತರ: ದಕ್ಷಿಣದ ಪ್ರಸ್ಥಭೂಮಿ 10 ಲಕ್ಷ ವರ್ಷಕ್ಕೆ ಕೆಲವು ಮೀಟರಿನಿಂದ ಕೆಲವು ಹತ್ತು ಮೀಟರಿನಷ್ಟು ಮಾತ್ರ ಸವೆಯುತ್ತ ಬಂದಿದೆ. ಈಗಿನ ವೇಗ ಅದರ ಹಲವು ಪಟ್ಟು.

ಈ ವ್ಯತ್ಯಾಸ ಹೊಳೆ ಮಾಡಿದ್ದಲ್ಲ. ಕಾಡು ಕಡಿದದ್ದು, ಗಣಿ ತೋಡಿದ್ದು, ಇಳಿಜಾರಿಗೆ ಉದ್ದಕ್ಕೆ ನೇಗಿಲು ಹೊಡೆದದ್ದು, ಒಡ್ಡು ಒಡೆದರೂ ಕಟ್ಟದೇ ಬಿಟ್ಟದ್ದು ಇದಕ್ಕೆ ಕಾರಣ. ಕಲ್ಲು ಒಡೆದು ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು, ಎಷ್ಟೋ ಕಡೆ ಅದಕ್ಕೂ ಹೆಚ್ಚು. ಅದು 63 ವರ್ಷದಲ್ಲಿ ಹೋಯಿತು. ಈಗ ಹಗ್ಗ ಹಿಡಿಯಿರಿ. 63 ವರ್ಷ ಅಂದರೆ ಹಗ್ಗದ ಮೇಲೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ. ತಲೆಗೂದಲಿಗಿಂತ ತೆಳು!

ಇನ್ನೊಂದು ತೊಂದರೆಯೂ ಇದೆ. ಹೂಳು ಅಣೆಕಟ್ಟುಗಳಲ್ಲಿ ನಿಂತಿತು, ಆದ್ದರಿಂದ ಸಮುದ್ರದ ದಂಡೆಗೆ ಅದು ತಲುಪುವುದಿಲ್ಲ. ಮೇಲೆ ಹೊಲ ತೆಳ್ಳಗಾಗುತ್ತದೆ, ನಡುವೆ ಜಲಾಶಯ ತುಂಬುತ್ತದೆ, ಕೆಳಗೆ ಅಲೆ ಕೊರೆದ ದಂಡೆಗೆ ಮಣ್ಣು ಸಿಗುವುದಿಲ್ಲ. ಕೊಳ್ಳ ಒಂದೇ ಆದ್ದರಿಂದ ನಷ್ಟವೂ ಎಲ್ಲರದು. ಹೊಲದ ಒಡ್ಡು ಗಟ್ಟಿ ಇಟ್ಟುಕೊಂಡ ರೈತ ತನ್ನ ಹೊಲವನ್ನಷ್ಟೇ ಅಲ್ಲ, ಕೆಳಗಿನ ಜಲಾಶಯವನ್ನೂ ಕಾಯುತ್ತಾನೆ.

ಮಾಡಿ ನೋಡಿ

1. ಒಂದು ಪರಾತದಲ್ಲಿ ಒದ್ದೆ ಮರಳು, ಮಣ್ಣು ಬೆರೆಸಿ ಹರಡಿ. ಒಂದು ಚಪ್ಪಟೆ ಕಲ್ಲನ್ನು ನಡುವೆ ಅಡ್ಡಲಾಗಿ ಹೂಳಿ. ಒಂದು ಬದಿಯ ಕೆಳಗೆ ಪುಸ್ತಕ ಇಟ್ಟು ಓರೆ ಮಾಡಿ. ತೂತು ಮಾಡಿದ ಬಾಟಲಿಯಿಂದ ನೀರು ಚಿಮುಕಿಸಿ. ಸಣ್ಣ ಸಣ್ಣ ಹಳ್ಳಗಳು ಕೂಡಿ ದೊಡ್ಡದಾಗುವುದು, ಕಲ್ಲು ಸಿಕ್ಕ ಕಡೆ ಪುಟ್ಟ ಜಲಪಾತ ಆಗುವುದು, ಕೆಳಗಿನ ಅಂಚಿನಲ್ಲಿ ಬೀಸಣಿಗೆಯಂತೆ ಮಣ್ಣು ಬೀಳುವುದು ಕಾಣುತ್ತದೆ.

2. ಮಳೆಗಾಲದ ಮೊದಲ ದೊಡ್ಡ ಮಳೆ ಆದ ಮೇಲೆ, ದೊಡ್ಡವರನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮೂರ ಹಳ್ಳದ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿಸಿ. ಎರಡು ದಿನ ಅಲುಗಾಡಿಸದೆ ಇಡಿ. ಕೆಳಗೆ ಎಷ್ಟು ಮಣ್ಣು ಕೂತಿತು, ಅಳೆಯಿರಿ. ಒಡ್ಡು ಇರುವ ಹೊಲದಿಂದ ಹರಿದ ನೀರು, ಒಡ್ಡಿಲ್ಲದ ಹೊಲದಿಂದ ಹರಿದ ನೀರು ಎರಡನ್ನೂ ಹಿಡಿದು ಹೋಲಿಸಿ.

ಯೋಚಿಸಿ ಉತ್ತರಿಸಿ

1. ನಿಮ್ಮ ಶಾಲೆಯ ಅಂಗಳದಲ್ಲಿ ಬಿದ್ದ ಮಳೆಹನಿ ಯಾವ ಹಳ್ಳ, ಯಾವ ಹೊಳೆ ಹಿಡಿದು ಯಾವ ಸಮುದ್ರಕ್ಕೆ ಹೋಗುತ್ತದೆ? ಹೆಸರುಗಳನ್ನು ಸಾಲಾಗಿ ಬರೆಯಿರಿ.
2. ರಾಜಮಹೇಂದ್ರವರಂ ಹತ್ತಿರದ ಬಸಾಲ್ಟ್ ಕೃಷ್ಣಾ ಕೊಳ್ಳದ ಇಳಿಜಾರಿನ ಬಗ್ಗೆ ಏನು ಹೇಳುತ್ತದೆ?
3. ನಿಮ್ಮೂರ ಮಣ್ಣಿನ ಬಣ್ಣ ಯಾವುದು? ಅದರ ತಾಯಿಬಂಡೆ ಯಾವುದಿರಬಹುದು?
4. ನಿಮ್ಮೂರ ಕೆರೆಯ ಹೂಳು ಕೊನೆಯ ಸಲ ಯಾವಾಗ ತೆಗೆದರು? ಮನೆಯ ಹಿರಿಯರನ್ನು ಕೇಳಿ. ತೆಗೆದ ಹೂಳನ್ನು ಎಲ್ಲಿಗೆ ಹಾಕಿದರು ಎಂಬುದನ್ನೂ ಕೇಳಿ.

ನಾಲ್ಕನೇ ಪ್ರಶ್ನೆಯ ಉತ್ತರವನ್ನು ನಮ್ಮ ಶಾಲೆಗೆ ತಂದವಳು ಅದೇ ಹಿಂದಿನ ಬೆಂಚಿನ ಹುಡುಗಿ. "ಹೂಳು ತಗದು ಹೊಲಕ್ಕ ಹಾಕ್ಯಾರಂತ ಸರ. ಹೊಳಿ ಒಯ್ದಿದ್ದು ಹೊಳ್ಳಿ ಬಂತು" ಅಂದಳು. ಆ ವರ್ಷ ನದಿಯ ಪಾಠವನ್ನು ಅಲ್ಲಿಗೆ ಮುಗಿಸಿದೆ.